ಅತ್ತೆಗೆ ಕೊಟ್ಟ ಹೋಂವರ್ಕ್

ಕೊಪ್ಪಳದಲ್ಲಿ ನಾವು ಬಿ.ಎಡ್. ಸೇರಿದ ವರ್ಷ ತರಗತಿಯಲ್ಲಿ ನಲವತ್ತೇಳು ಜನ ಇದ್ದೆವು. ಅದರಲ್ಲಿ ಮದುವೆಯಾದವರು ಒಂಬತ್ತು. ಆ ಒಂಬತ್ತರಲ್ಲಿ ಅತ್ತೆಗೆ ಸುಳ್ಳು ಹೇಳಿ ಸೇರಿದವಳು ಒಬ್ಬಳೇ, ವಿಜಯಲಕ್ಷ್ಮಿ. ಸುಳ್ಳು ಅವಳದಲ್ಲ, ಗಂಡ ದುರಗೇಶನದು.

ನಾನು ಭವಾನಿ, ಕುಕನೂರಿನವಳು. ವಿಜಯಲಕ್ಷ್ಮಿಯ ತವರೂ ಕುಕನೂರೇ. ಅವಳ ತಂದೆ ಗಿಡ್ಡಪ್ಪ ಅಲ್ಲಿನ ಸಂತೆಯಲ್ಲಿ ಹಮಾಲಿ ಮಾಡುತ್ತಿದ್ದ. ಹೆಸರು ಗಿಡ್ಡಪ್ಪ, ಆಳು ಆರಡಿ. ಅವನಿಗೆ ಓದು ಬರೆಹ ಇರಲಿಲ್ಲ. ಮಗಳು ಎಸ್ಸೆಸ್ಸೆಲ್ಸಿ ಪಾಸಾದ ದಿನ ಅಂಕಪಟ್ಟಿಯನ್ನು ತಲೆಕೆಳಗಾಗಿ ಹಿಡಿದುಕೊಂಡು ಅಂಗಡಿ ಅಂಗಡಿಗೆ ತೋರಿಸಿ ಬಂದಿದ್ದ. “ಇಕೀ ಅಕ್ಕೋರು ಆಗ್ತಾಳ” ಎಂದು ಸಂತೆಗೆಲ್ಲ ಸಾರಿದ್ದ. ನಮ್ಮ ಕಡೆ ಶಿಕ್ಷಕಿಯರನ್ನು ಕರೆಯುವುದೇ ಅಕ್ಕೋರು ಎಂದು. ಆದರೆ ಬಿ.ಎ. ಕೊನೆಯ ವರ್ಷದಲ್ಲಿಯೇ ಮದುವೆ ಗೊತ್ತಾಯಿತು. ಅರಿಶಿನದ ಕೈಯಲ್ಲಿ ಇತಿಹಾಸದ ಪರೀಕ್ಷೆ ಬರೆದು, ಹಿಟ್ನಾಳದ ಹೆದ್ದಾರಿಯಿಂದ ಒಳಗೆ ಹೋದರೆ ಸಿಗುವ ಒಂದು ಹಳ್ಳಿಗೆ ಸೊಸೆಯಾಗಿ ಹೋದಳು. ಆ ಊರಿನ ಹೆಸರು ಇಲ್ಲಿ ಬೇಡ. ಈ ಕತೆಯಲ್ಲಿ ಬರುವ ಪಂಚಾಯಿತಿಯವರಲ್ಲಿ ಹೆಚ್ಚಿನವರು ಇನ್ನೂ ಅಲ್ಲಿಯೇ ಇದ್ದಾರೆ, ನನಗೂ ಆ ದಾರಿಯಲ್ಲಿ ಓಡಾಟವಿದೆ.

ದುರಗೇಶನದು ಗೂಡ್ಸ್ ಗಾಡಿ. ಗಂಗಾವತಿ ಕಡೆಯ ಮಿಲ್ಲುಗಳಿಂದ ಅಕ್ಕಿ ಚೀಲ ಹೇರುವುದು ಅವನ ಕೆಲಸ. ಒಳ್ಳೆಯ ಮನುಷ್ಯ, ತಾಯಿಗೆ ಮಾತ್ರ ಬಹಳ ಹೆದರುತ್ತಿದ್ದ. ಮದುವೆಯಾಗಿ ಎಂಟು ವರ್ಷ ಕಳೆದ ಮೇಲೆ, ಎರಡು ಮಕ್ಕಳು ಸಾಲೆಗೆ ಹೋಗತೊಡಗಿದ ಮೇಲೆ, ಯಾರೋ ಮಿಲ್ಲಿನಲ್ಲಿ ಅವನಿಗೆ ಹೇಳಿದರು: “ನಿನ್ನ ಹೇಣ್ತಿ ಬಿ.ಎ. ಆಗ್ಯಾಳ ಅಂತಿ, ಮನ್ಯಾಗ ಕುಂದರಿಸಿ ಏನ್ ಮಾಡ್ತಿ? ತ್ರೀ ಸೆವೆಂಟಿ ಒನ್ ಜೆ ಮೀಸಲಾತಿ ಐತಿ, ಬಿ.ಎಡ್. ಮಾಡ್ಸು.” ಅವನು ಅರ್ಜಿ ತುಂಬಿದ, ಕೌನ್ಸೆಲಿಂಗಿಗೆ ಕರೆದುಕೊಂಡು ಹೋದ, ಸರ್ಕಾರಿ ಕೋಟಾದಲ್ಲಿ ಸೀಟೂ ಸಿಕ್ಕಿತು. ಉಳಿದದ್ದು ತಾಯಿ ಹುಲಿಗವ್ವನಿಗೆ ಹೇಳುವುದು.

“ಆರು ತಿಂಗಳ ಕೋರ್ಸ್ ಬೇ ಯವ್ವಾ” ಎಂದ.

ಆರು ತಿಂಗಳಾಯಿತು. ಹುಲಿಗವ್ವ ಕೇಳಿದಳು. “ಇನ್ನಾರು ತಿಂಗಳು ಐತಂತ” ಎಂದ. ಬಿ.ಎಡ್.ಗೆ ನಾಲ್ಕು ಸೆಮಿಸ್ಟರ್ ಇರುವುದು ಅವನಿಗೆ ಅನುಕೂಲವೇ ಆಯಿತು, ಒಂದೊಂದು ಸೆಮಿಸ್ಟರಿಗೆ ಒಂದೊಂದು ಸುಳ್ಳು ಸಾಕಾಗುತ್ತಿತ್ತು.

ಹುಲಿಗವ್ವ ಅರವತ್ತು ದಾಟಿದವಳು. ಗಂಡ ತೀರಿದ ಮೇಲೆ ಕಂಡವರ ಹೊಲದಲ್ಲಿ ಕಳೆ ಕಿತ್ತು ಮೂವರು ಮಕ್ಕಳನ್ನು ಬೆಳೆಸಿದವಳು. ಅವಳ ದನಿ ಹೊಲದ ಈ ಬದುವಿನಿಂದ ಆ ಬದುವಿಗೆ ಮುಟ್ಟುವಂಥದ್ದು, ಮನೆಯೊಳಗೂ ಅದೇ ದನಿ. ಸೊಸೆ ಬೆಳಿಗ್ಗೆ ನಾಲ್ಕಕ್ಕೆ ಎದ್ದು ರೊಟ್ಟಿ ಬಡಿದಿಟ್ಟು ಏಳೂವರೆಯ ಬಸ್ಸಿಗೆ ಹೋಗುತ್ತಿದ್ದಳು. ಹುಲಿಗವ್ವನಿಗೆ ರೊಟ್ಟಿಯಲ್ಲಿ ತಪ್ಪು ಸಿಗುತ್ತಿರಲಿಲ್ಲ. ಅದಕ್ಕೇ ಬಿ.ಎಡ್.ನಲ್ಲಿ ಹುಡುಕುತ್ತಿದ್ದಳು. “ಕಲತಾಕಿ ಮತ್ತ ಏನ್ ಕಲೀತೀದಿಬೇ? ಕಲಸೂದು ಕಲೀಬೇಕೇನು? ಬಾಯಿ ಇದ್ರ ಸಾಕಲ್ಲ!” ಎನ್ನುತ್ತಿದ್ದಳು.

ಬಾಯಿ ಇದ್ದರೆ ಸಾಲದು ಎಂದು ನಮಗೆ ತಿಳಿದದ್ದು ಸೂಕ್ಷ್ಮ ಬೋಧನೆ ಶುರುವಾದ ಮೇಲೆ. ಅಂದರೆ ಆರೇ ನಿಮಿಷದ ಪಾಠ. ಒಬ್ಬರು ಶಿಕ್ಷಕರಾಗಬೇಕು, ಉಳಿದವರು ಎಂಟನೇ ತರಗತಿಯ ಮಕ್ಕಳಾಗಬೇಕು, ಒಂದು ಸಲಕ್ಕೆ ಒಂದೇ ಕೌಶಲ ತೋರಿಸಬೇಕು. ನಮ್ಮ ಸಮಾಜ ವಿಜ್ಞಾನದ ಗುರುಗಳು ಸಿದ್ದಲಿಂಗೇಶ ಸರ್. ಯಲಬುರ್ಗಾದವರು, ಸಣ್ಣ ಆಳು, ದೊಡ್ಡ ಕನ್ನಡಕ, ಕೈಯಲ್ಲಿ ಯಾವಾಗಲೂ ಕೆಂಪು ಪೆನ್ನು. ವಿಜಯಲಕ್ಷ್ಮಿಗೆ ಬಂದದ್ದು ಪ್ರಶ್ನೆ ಕೇಳುವ ಕೌಶಲ, ವಿಷಯ ಸ್ಥಳೀಯ ಸರ್ಕಾರ.

“ಗ್ರಾಮ ಪಂಚಾಯಿತಿಯ ಮುಖ್ಯಸ್ಥರು ಯಾರು, ಮಕ್ಕಳೇ?” ಎಂದು ಕೇಳಿದಳು. ನಾನು ಕೈ ಎತ್ತಬೇಕೆಂದು ಮೊಣಕೈ ಬಗ್ಗಿಸಿದೆ. ಅಷ್ಟರಲ್ಲಿ ಅವಳೇ “ಅಧ್ಯಕ್ಷರು” ಎಂದಳು. “ಪಂಚಾಯಿತಿಯ ಅವಧಿ ಎಷ್ಟು? ಐದು ವರ್ಷ. ಗ್ರಾಮಸಭೆ ಎಂದರೇನು? ಊರಿನ ಮತದಾರರೆಲ್ಲ ಸೇರುವ ಸಭೆ. ವರ್ಷಕ್ಕೆ ಎಷ್ಟು ಸಲ? ಕನಿಷ್ಠ ಎರಡು ಸಲ.” ಆರು ನಿಮಿಷದ ಪಾಠ ಎರಡೂವರೆ ನಿಮಿಷಕ್ಕೆ ಮುಗಿಯಿತು. ಹಿಂದಿನ ಬೆಂಚಿನಲ್ಲಿ ಕುಳಿತು ತುಂಟ ಹುಡುಗನ ಪಾತ್ರ ಮಾಡಬೇಕಾಗಿದ್ದ ವಾಹೀದನಿಗೆ ತುಂಟತನ ಶುರು ಮಾಡಲೂ ಸಮಯ ಸಿಗಲಿಲ್ಲ.

ಸಿದ್ದಲಿಂಗೇಶ ಸರ್ ಕನ್ನಡಕ ತೆಗೆದರು. “ಕೇಳಾಕಿನೂ ನೀನ, ಹೇಳಾಕಿನೂ ನೀನ. ಮತ್ತ ಹುಡುಗರು ಯಾಕ ಬಂದಾರವ್ವ, ಬರೇ ಬಿಸಿಯೂಟಕ್ಕೇನು?”

ತರಗತಿ ನಕ್ಕಿತು. ಎರಡನೆಯ ಸಲವೂ ಹಾಗೆಯೇ ಆಯಿತು, ಮೂರನೆಯ ಸಲವೂ. ಅವಳು ಓದಿನಲ್ಲಿ ಹಿಂದಿರಲಿಲ್ಲ, ನಮಗೆಲ್ಲ ನೋಟ್ಸ್ ಕೊಡುತ್ತಿದ್ದವಳೇ ಅವಳು. ಪ್ರಶ್ನೆ ಕೇಳಿ ಸುಮ್ಮನೆ ನಿಲ್ಲುವುದು ಮಾತ್ರ ಅವಳಿಂದ ಆಗುತ್ತಿರಲಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ನನಗೆ ಕಾರಣ ಹೇಳಿದಳು: “ಏನ್ ಮಾಡ್ಲಿ ಭವಾನಿ, ನಮ್ಮತ್ತಿ ‘ಉಪ್ಪು’ ಅನ್ನೂದ್ರಾಗ ಡಬ್ಬಿ ಅವರ ಮುಂದ ಇರಬೇಕು. ‘ಎಮ್ಮಿ’ ಅಂದ್ರ ‘ನೀರು ಕುಡಿಸೀನ್ರಿ’ ಅಂತ ಹೇಳಿ ಮುಗಿಸಿರಬೇಕು. ಎಂಟು ವರ್ಷ ಆತು. ಪ್ರಶ್ನಿ ಕಿವಿಗೆ ಬಿತ್ತಂದ್ರ ಉತ್ತರ ತಾನ ಹೊರಗ ಬರ್ತೈತಿ. ಕೇಳಿದಾಕಿ ನಾನ ಅನ್ನೂದೂ ನೆನಪಿರೂದಿಲ್ಲ.”

ಸರ್ ಅವಳಿಗೆ ಉಪಾಯ ಹೇಳಿಕೊಟ್ಟರು. “ಮನ್ಯಾಗ ಯಾರನ್ನಾರ ಮುಂದ ಕುಂದರಿಸಿಕೊಂಡು ರೂಢಿ ಮಾಡು. ಪ್ರಶ್ನಿ ಕೇಳು, ಮನಸಿನ್ಯಾಗ ಐದು ಎಣಸು, ಆಮ್ಯಾಲೆ ಬಾಯಿ ತೆಗಿ.”

ಮೊದಲು ಗಂಡನನ್ನು ಕೂರಿಸಿದಳು. ದುರಗೇಶ ಗಂಗಾವತಿಗೆ ಎರಡು ಟ್ರಿಪ್ ಹೊಡೆದು ಬಂದಿದ್ದ. ಮೊದಲ ಪ್ರಶ್ನೆ ಕೇಳಿ ಐದು ಎಣಿಸಿದಳು, ಅವನಿಂದ ಗೊರಕೆ ಬಂತು. ಉಳಿದದ್ದು ಅಂಗಳ. ಆಗ ಹುಣಸೆಹಣ್ಣಿನ ಸುಗ್ಗಿ. ಇಳಿಹೊತ್ತಿನಲ್ಲಿ ಓಣಿಯ ಆರೇಳು ಹೆಂಗಸರು ಹುಲಿಗವ್ವನ ಅಂಗಳದಲ್ಲಿ ಕುಳಿತು ಹುಣಸೆ ಬೀಜ ಬಿಡಿಸುತ್ತಿದ್ದರು. ಕೈಗೆ ಕೆಲಸ, ಬಾಯಿಗೆ ಬಿಡುವು. ವಿಜಯಲಕ್ಷ್ಮಿ ಧೈರ್ಯ ಮಾಡಿ ಅವರ ಮುಂದೆ ನಿಂತಳು. ಗೋಡೆಗೆ ಒಂದು ಚಾರ್ಟು ತೂಗುಹಾಕಿದಳು.

“ಏನಬೇ ಇದು, ದೇವರ ಫೋಟೋ ಏನು?” ಎಂದು ಪಕ್ಕದ ಮನೆಯ ಶಿವಲಿಂಗಮ್ಮ ಕೇಳಿದಳು.

“ಅಲ್ರಿ, ಪಂಚಾಯಿತಿ. ನಾ ಪಾಠ ಮಾಡ್ತೀನಿ, ನೀವು ಸಾಲಿ ಹುಡುಗರಾಗ್ರಿ, ಆರ ನಿಮಿಷ.”

ಹುಲಿಗವ್ವ ಹುಣಸೆಹಣ್ಣು ಬಡಿಯುವ ಕಲ್ಲನ್ನು ಕೆಳಗಿಟ್ಟು ಸೊಸೆಯನ್ನು ನೋಡಿದಳು. ಏನನ್ನಿಸಿತೋ, “ಮಾಡು, ನೋಡೂಣು” ಎಂದಳು.

ಪಾಠಕ್ಕೆ ಪ್ರವೇಶ ಮಾಡುವಾಗ ಮಕ್ಕಳಿಗೆ ಗೊತ್ತಿರುವ ವಿಷಯದಿಂದ ಶುರು ಮಾಡಬೇಕು ಎಂದು ನಮಗೆ ಕಲಿಸಿದ್ದರು. ವಿಜಯಲಕ್ಷ್ಮಿ ಕೇಳಿದಳು: “ನಮ್ಮ ಊರಾಗ ನಳಕ್ಕ ನೀರು ಯಾರು ಬಿಡ್ತಾರ?” ಪುಸ್ತಕದ ಪ್ರಕಾರ ಉತ್ತರ ಗ್ರಾಮ ಪಂಚಾಯಿತಿ.

“ವಾಟರ್‌ಮನ್ ಹುಲಿಗೇಶ!” ಎಂದು ಏಳು ಬಾಯಿ ಒಮ್ಮೆಲೇ ಕೂಗಿದವು. ಐದು ಎಣಿಸುವುದಿರಲಿ, ಒಂದು ಎಣಿಸಲೂ ಆಗಲಿಲ್ಲ. “ಬಿಡ್ತಾನ ಅಂದ್ರ ಯಾವಾಗ ಬಿಡ್ತಾನ? ತಿಂಗಳಾತು!” “ಮ್ಯಾಲಿನ ಓಣಿಗೆ ಬಿಡ್ತಾನ, ನಮಗ ಗಾಳಿ ಬಿಡ್ತಾನ!” “ಅವನ ಅಕ್ಕನ ಮನಿ ಮ್ಯಾಲಿನ ಓಣ್ಯಾಗ ಐತಲ್ಲ!” ಆರು ನಿಮಿಷ ಹುಲಿಗೇಶನ ವಂಶಾವಳಿಯಲ್ಲೇ ಕಳೆಯಿತು.

ಮರುದಿನ ಅವಳು ಬೇರೆ ಕೌಶಲ ಹಿಡಿದಳು: ಉತ್ತರ ಹೇಳಿದ ಮಕ್ಕಳಿಗೆ ಭೇಷ್ ಎನ್ನುವುದು. ಪಂಚಾಯಿತಿಯ ಅವಧಿ ಎಷ್ಟು ಎಂದು ಕೇಳಿ, ತುಟಿ ಕಚ್ಚಿಕೊಂಡು ಎಣಿಸತೊಡಗಿದಳು. ನಾಲ್ಕಕ್ಕೆ ಬರುವಷ್ಟರಲ್ಲಿ ಹುಲಿಗವ್ವ “ಐದು ವರ್ಷ. ಇಲೆಕ್ಷನ್ ಬಂದಾಗ ಸೀರಿ ಕೊಡ್ತಾರಲ್ಲ, ಅದರ ಲೆಕ್ಕ” ಎಂದಳು.

“ಭೇಷ್! ಭಾಳ ಛಲೋ ಹೇಳಿದ್ರಿ ಅತ್ತಿ!”

ಹುಲಿಗವ್ವ ಕೈಯಲ್ಲಿದ್ದ ಹುಣಸೆಹಣ್ಣನ್ನು ಬುಟ್ಟಿಯ ಬದಲು ಬೀಜದ ಗುಡ್ಡೆಗೆ ಹಾಕಿದಳು. ಅರವತ್ತು ವರ್ಷದಲ್ಲಿ ಅವಳಿಗೆ ಯಾರೂ ಭೇಷ್ ಎಂದಿರಲಿಲ್ಲ. ಆಮೇಲೆ ಬೇರೆಲ್ಲೋ ನೋಡುತ್ತ, “ಇನ್ನೊಂದು ಕೇಳು” ಎಂದಳು.

ಅಲ್ಲಿಂದ ಆ ಮನೆಯ ಗಡಿಯಾರ ಬದಲಾಯಿತು. ವಿಜಯಲಕ್ಷ್ಮಿ ನಾಲ್ಕೂವರೆಯ ಬಸ್ಸಿಗೆ ಇಳಿಯುವಷ್ಟರಲ್ಲಿ ಹುಲಿಗವ್ವ ಮುಖ ತೊಳೆದು, ತಲೆ ಬಾಚಿ, ಎಲ್ಲರಿಗಿಂತ ಮುಂದೆ ಕುಳಿತಿರುತ್ತಿದ್ದಳು. ಮಾತಾಡಿದವರ ಮೇಲೆ ಹುಣಸೆ ಬೀಜ ಎಸೆಯುತ್ತಿದ್ದಳು. ಹಾಜರಿ ಕರೆಯಬೇಕು ಎಂದು ಹಟ ಹಿಡಿದಳು. ತನ್ನ ಹೆಸರು ಬಂದಾಗ “ಬಂದೀನ್ರಿ ಅಕ್ಕೋರ” ಎನ್ನುತ್ತಿದ್ದಳು. ಪಾಠ ಮುಗಿದ ಕ್ಷಣಕ್ಕೆ “ಏನಬೇ, ಎಮ್ಮಿಗೆ ನೀರು ಯಾರು ಕುಡಸ್ತಾರ?” ಎಂದು ಹಳೆಯ ದನಿ ಬರುತ್ತಿತ್ತು. ಅರ್ಧ ತಾಸು ಅಕ್ಕೋರು, ಉಳಿದ ಇಪ್ಪತ್ಮೂರೂವರೆ ತಾಸು ಬೇ. ಒಂದು ಶನಿವಾರ ನಾನು ವೀಕ್ಷಣೆ ಪುಸ್ತಕ ಹಿಡಿದು ಅಲ್ಲಿಗೆ ಹೋದೆ. ನಾವು ಒಬ್ಬರ ಪಾಠಕ್ಕೆ ಇನ್ನೊಬ್ಬರು ಟೀಕೆ ಬರೆಯಬೇಕಿತ್ತು. ಆ ದಿನ ಶಿವಲಿಂಗಮ್ಮ ಸಿಟ್ಟಾಗಿದ್ದಳು. ಹುಲಿಗವ್ವನಿಗೆ ಮೂರು ಭೇಷ್, ತನಗೆ ಒಂದೇ ಎಂದು. “ನಿಮ್ಮ ಅತ್ತಿ ಅಂತ ಹಿಂಗ ಮಾಡ್ತೀದಿ” ಎಂದು ಎದ್ದು ಹೋಗುವವಳಿದ್ದಳು. “ಮಕ್ಕಳಲ್ಲಿ ಭೇದ ಮಾಡಬಾರದು” ಎಂದು ನಾನು ಟೀಕೆಯ ಅಂಕಣದಲ್ಲಿ ಬರೆದೆ.

ಹದಿನಾಲ್ಕನೆಯ ಪಾಠಯೋಜನೆ ಗ್ರಾಮಸಭೆಯದು. ಪ್ರತಿ ಪಾಠದ ಕೊನೆಗೆ ಗೃಹಪಾಠ ಎಂಬ ಅಂಕಣ ಇರುತ್ತದೆ, ಅದನ್ನು ಭರ್ತಿ ಮಾಡದಿದ್ದರೆ ಸಿದ್ದಲಿಂಗೇಶ ಸರ್ ಸಹಿ ಹಾಕುತ್ತಿರಲಿಲ್ಲ. ವಿಜಯಲಕ್ಷ್ಮಿ ಅಂಕಣ ತುಂಬಲೆಂದು ಬರೆದಿದ್ದಳು: “ನಿಮ್ಮ ಊರಿನಲ್ಲಿ ಈ ವರ್ಷ ಎಷ್ಟು ಗ್ರಾಮಸಭೆಗಳು ನಡೆದಿವೆ? ತಿಳಿದುಕೊಂಡು ಬನ್ನಿ.” ಅಂಗಳದಲ್ಲಿ ರೂಢಿಯಂತೆ ಅದನ್ನೂ ಓದಿ ಹೇಳಿದಳು. ಓದಿ, ಚಾರ್ಟು ಸುತ್ತಿಟ್ಟು, ಎಮ್ಮೆಗೆ ನೀರು ಕುಡಿಸಲು ಹೋದಳು.

ಮರುದಿನ ಹನ್ನೊಂದು ಗಂಟೆಗೆ ಹುಲಿಗವ್ವನ ಹಿಂದೆ ಆರು ಹೆಂಗಸರು ಪಂಚಾಯಿತಿ ಕಚೇರಿಯ ಕಟ್ಟೆ ಹತ್ತಿದರು. ಅಲ್ಲಿ ಗುಮಾಸ್ತ ಒಬ್ಬನೇ ಇದ್ದ.

“ಗ್ರಾಮಸಭಾ ಎಷ್ಟು ಆಗ್ಯಾವಪ್ಪಾ ಈ ವರ್ಷ?”

“ಯಾಕಬೇ ಯಮ್ಮಾ? ಯಾರು ಕೇಳಂದ್ರು?”

“ಅಕ್ಕೋರು. ಹೋಂವರ್ಕ್ ಐತಿ.”

ಗುಮಾಸ್ತನಿಗೆ ಅರ್ಥವಾಗಲಿಲ್ಲ. ಹೋಂವರ್ಕ್ ಎಂಬುದು ತಾಲೂಕಿನಿಂದ ಬಂದ ಹೊಸ ಯೋಜನೆ ಇರಬಹುದು ಎಂದುಕೊಂಡ. ಅವಸರದಲ್ಲಿ ದಫ್ತರ ತೆಗೆದು, “ಎರಡು ಆಗ್ಯಾವ. ನೋಡ್ರಿ, ನೀವೂ ಬಂದೀರಿ. ಹುಲಿಗವ್ವ, ಸಹಿ ಐತಿ” ಎಂದು ಬೆರಳಿಟ್ಟು ತೋರಿಸಿದ.

ಹುಲಿಗವ್ವ ಬಗ್ಗಿ ನೋಡಿದಳು. ನೀಲಿ ಶಾಯಿಯಲ್ಲಿ ದುಂಡಗೆ, ಕೆಳಗೊಂದು ಗೆರೆ ಎಳೆದು, ಒಳ್ಳೆಯ ಸಹಿ. ಎಲ್ಲಿ ಹೋದರೂ ಹೆಬ್ಬೆಟ್ಟು ಒತ್ತುವ ಹೆಂಗಸು ಅವಳು.

“ಇದು ನಾ ಬರದದ್ದೇನು?”

“ಹೂಂ ಮತ್ತ.”

“ಏನ್ ಚಂದ ಬರದೀನಿ ನೋಡ ಶಿವಲಿಂಗೀ!” ಎಂದು ಹುಲಿಗವ್ವ ಗೆಳತಿಯನ್ನು ಕರೆದಳು. “ನನಗ ಸಹಿ ಬರ್ತೈತಿ ಅನ್ನೂದು ನನಗ ಗೊತ್ತಿದ್ದಿಲ್ಲ!” ಶಿವಲಿಂಗಮ್ಮ ತನ್ನದನ್ನೂ ಹುಡುಕಿಸಿದಳು. ಅವಳ ಸಹಿಯೂ ಇತ್ತು, ಅದೇ ದುಂಡು ಅಕ್ಷರ, ಅದೇ ಗೆರೆ. ಗುಮಾಸ್ತ ಪಟಕ್ಕನೆ ದಫ್ತರ ಮುಚ್ಚಿದ. ಹೆಂಗಸರಿಗೆ ಆಗ ಬೇರೆ ಏನೂ ಕೇಳಬೇಕೆನಿಸಲಿಲ್ಲ. ಉತ್ತರ ಎರಡು ಎಂದು ತಿಳಿದುಕೊಂಡು, ಗುಮಾಸ್ತನಿಗೆ “ಭೇಷ್” ಎಂದು ಹೇಳಿ ಬಂದರು.

ಸಂಜೆ ಹಾಜರಿಯಾದ ಮೇಲೆ ಹುಲಿಗವ್ವ ಎದ್ದು ನಿಂತು ವರದಿ ಒಪ್ಪಿಸಿದಳು. ವಿಜಯಲಕ್ಷ್ಮಿ ಚಾರ್ಟು ಬಿಟ್ಟು ಅತ್ತೆಯ ಹತ್ತಿರ ಓಡಿಬಂದಳು. “ಅತ್ತಿ, ನಾ ಸುಮ್ಮ ಓದಿದ್ದು! ರೂಢಿಗೆ ಅಂತ!”

“ಸುಮ್ಮ ಓದೂ ಹಂಗಿದ್ರ ಯಾಕ ಓದಬೇಕು?” ಎಂದು ಹುಲಿಗವ್ವ ಕೇಳಿದಳು.

ಪಂಚಾಯಿತಿಯ ಅಧ್ಯಕ್ಷೆ ಶೇಖರಮ್ಮ. ಆದರೆ ಊರವರು ಅಧ್ಯಕ್ಷರು ಎಂದರೆ ಅವಳ ಗಂಡ ಹಂಪಣ್ಣನೇ. ಅವನದು ಕಾಳಿನ ವ್ಯಾಪಾರ, ಬಿಳಿ ಅಂಗಿ, ಜೇಬಿನಲ್ಲಿ ಎರಡು ಮೊಬೈಲು. ಗುಮಾಸ್ತ ಫೋನು ಮಾಡಿದಾಗ ಹಂಪಣ್ಣ ಇದರ ಹಿಂದೆ ವಿರೋಧ ಪಾರ್ಟಿಯವರು ಇದ್ದಾರೆ ಎಂದು ನಿಶ್ಚಯಿಸಿದ. ಎರಡು ದಿನ ಪಾರ್ಟಿ ಯಾವುದು ಎಂದು ಹುಡುಕಿದ. ಮೂರನೆಯ ದಿನ ಪಾರ್ಟಿಯ ಹೆಸರು ಬಿ.ಎಡ್. ಎಂದು ತಿಳಿದು ನೇರ ನಮ್ಮ ಕಾಲೇಜಿಗೆ ಬಂದ.

ಸಿದ್ದಲಿಂಗೇಶ ಸರ್ ವಿಜಯಲಕ್ಷ್ಮಿಯನ್ನು ಕರೆಸಿದರು. ಅವಳು ನನ್ನ ಕೈ ಹಿಡಿದುಕೊಂಡು ಬಂದಳು. ಕಾಲೇಜಿನಿಂದ ತೆಗೆಯುತ್ತಾರೆ, ಹೆಸರು ಕೆಡುತ್ತದೆ, ತಂದೆಗೆ ಏನು ಹೇಳಲಿ ಎಂದು ದಾರಿಯುದ್ದಕ್ಕೂ ಬಡಬಡಿಸಿದಳು. ಸಿಬ್ಬಂದಿ ಕೋಣೆಯಲ್ಲಿ ಹಂಪಣ್ಣ ಕುರ್ಚಿಯ ತುಂಬ ಕುಳಿತಿದ್ದ.

“ನೋಡ್ರಿ ಸರ, ಈ ತಂಗಿ ಊರಾಗ ರಾಜಕೀಯ ಮಾಡಾಕತ್ತಾಳ. ಹೆಣ್ಮಕ್ಕಳನ್ನ ಆಫೀಸಿಗೆ ನುಗ್ಸ್ಯಾಳ. ಇದನ್ನ ಕಲಸ್ತೀರೇನು ನೀವು?”

ಸರ್ ಪಾಠಯೋಜನೆಯ ಪುಸ್ತಕ ಕೇಳಿ ಪಡೆದರು. ಹದಿನಾಲ್ಕನೆಯ ಪಾಠವನ್ನು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದರು. ಕೆಂಪು ಪೆನ್ನು ತೆಗೆದರು. ವಿಜಯಲಕ್ಷ್ಮಿ ಕಣ್ಣು ಮುಚ್ಚಿಕೊಂಡಳು.

“ತಪ್ಪೈತ್ರಿ” ಎಂದರು ಸರ್. ಹಂಪಣ್ಣ ನೆಟ್ಟಗಾದ. “‘ನಡೆದಿವೆ’ ಅನ್ನೂದ್ರಾಗ ‘ದ’ಕ್ಕ ಗುಡಿಸು ಕೊಟ್ಟಿಲ್ಲ. ನೋಡವ್ವ, ‘ನಡೆದವೆ’ ಆಗೇತಿ.” ತಿದ್ದಿ ಪುಸ್ತಕ ಮುಚ್ಚಿದರು. ಆಮೇಲೆ ಹಂಪಣ್ಣನ ಕಡೆ ತಿರುಗಿ ಕೇಳಿದರು: “ಅಲ್ರಿ ಹಂಪಣ್ಣಾರ, ಗ್ರಾಮಸಭಾ ಯಾವಾಗ ಆಗಿತ್ರಿ?”

ಕೇಳಿ ಸುಮ್ಮನಾದರು. ಕಣ್ಣು ಮಿಟುಕಿಸಲಿಲ್ಲ, ಪೆನ್ನು ಆಡಿಸಲಿಲ್ಲ, ಸುಮ್ಮನೆ ಪ್ರೀತಿಯಿಂದ ನೋಡುತ್ತ ಕುಳಿತರು. ಹಂಪಣ್ಣ ಕೆಮ್ಮಿದ. ಒಂದು ಮೊಬೈಲು ತೆಗೆದು ನೋಡಿದ, ಅದನ್ನಿಟ್ಟು ಇನ್ನೊಂದು ತೆಗೆದು ನೋಡಿದ. “ಆಗೂದು ಆಗೇತ್ರಿ… ಅಂದ್ರ ಪುಸ್ತಕದಾಗ ಆಗೇತಿ…” ಎಂದ. ಸರ್ ಇನ್ನೂ ಸುಮ್ಮನಿದ್ದರು. “ಮಂದಿ ಬರೂದಿಲ್ರೀ ಸರ. ಕರದ್ರೂ ಬರೂದಿಲ್ಲ. ಅದಕ್ಕ…” ಎಂದ. ಕೊನೆಗೆ ತಾನೇ, “ಆತು ಬಿಡ್ರಿ, ಇನ್ನೊಂದು ಮಾಡಿಬಿಡೂಣಂತ. ಬರೂ ಗುರುವಾರ” ಎಂದುಬಿಟ್ಟ.

“ಭಾಳ ಛಲೋ ಆತು” ಎಂದರು ಸರ್. ಅವನು ಹೋದ ಮೇಲೆ ವಿಜಯಲಕ್ಷ್ಮಿಗೆ, “ನೋಡಿದೆಲ್ಲ? ಪ್ರಶ್ನಿ ಕೇಳಿ ಕಾಯೂದಂದ್ರ ಹಿಂಗ” ಎಂದರು. ಅವಳಿಗೆ ಅಳು, ನಗು ಎರಡೂ ಒಟ್ಟಿಗೆ ಬಂದು ಬಿಕ್ಕಳಿಕೆ ಹತ್ತಿತು.

ಗುರುವಾರದ ಗ್ರಾಮಸಭೆಯನ್ನು ಸರ್ ನಮ್ಮ ಸಮುದಾಯ ಭೇಟಿಗೆ ಸೇರಿಸಿಬಿಟ್ಟರು. ಭೇಟಿ ಎಂದರೆ ವರದಿ, ವರದಿ ಎಂದರೆ ಇಪ್ಪತ್ತು ಪುಟ. ತರಗತಿಯ ನಲವತ್ತಾರು ಜನ ವಿಜಯಲಕ್ಷ್ಮಿಯನ್ನು ಶಪಿಸುತ್ತ ದುರಗೇಶನ ಗಾಡಿಯಲ್ಲಿ ಎರಡು ಟ್ರಿಪ್ಪಾಗಿ ಆ ಊರಿಗೆ ಹೋದೆವು.

ಸಾಲೆಯ ಮುಂದೆ ಶಾಮಿಯಾನ. ಡಂಗುರ ಸಾರಿದ್ದರಿಂದ ನೂರೈವತ್ತು ಜನ ಸೇರಿದ್ದರು. ವೇದಿಕೆಯಲ್ಲಿ ಶೇಖರಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡು ನೆಲ ನೋಡುತ್ತ ಕುಳಿತಿದ್ದಳು. ಪಕ್ಕದ ಕುರ್ಚಿ ಹಂಪಣ್ಣನದು, ಮೈಕೂ ಅವನದೇ. ಮೊದಲು ಸಿದ್ದಲಿಂಗೇಶ ಸರ್‌ಗೆ ಎರಡು ಮಾತು ಆಡಿರೆಂದು ಕೊಟ್ಟರು. ಸರ್ ಮೈಕು ಹಿಡಿದವರು ಅಶೋಕ ಚಕ್ರವರ್ತಿಯಿಂದ ಶುರು ಮಾಡಿದರು. ಇಪ್ಪತ್ತು ನಿಮಿಷಕ್ಕೆ ನಿಜಾಮನ ಕಾಲಕ್ಕೆ ಬಂದರು. ಹುಲಿಗವ್ವ ಮುಂದಿನ ಸಾಲಿನಲ್ಲಿ ಕೈ ಎತ್ತಿದಳು. ಸರ್ ಸಂತೋಷದಿಂದ, “ಏನಮ್ಮಾ, ಪ್ರಶ್ನಿ ಐತೇನು?” ಎಂದರು.

“ಪ್ರಶ್ನಿ ನೀವು ಕೇಳಬೇಕ್ರಿ. ಆಗಿಂದ ಬರೇ ನೀವ ಹೇಳಾಕತ್ತೀರಿ. ನಮ್ಮ ಅಕ್ಕೋರು ಹಿಂಗ ಮಾಡೂದಿಲ್ಲ.”

ನಲವತ್ತಾರು ಜನ ತಲೆ ತಗ್ಗಿಸಿ ನಕ್ಕೆವು. ಸರ್ ಕನ್ನಡಕ ಒರೆಸಿಕೊಂಡು, “ಹೇಳಿದ್ದು ಖರೇ ಐತಿ” ಎಂದು ಕುಳಿತರು. ಅವರ ದೊಡ್ಡತನ ನನಗೆ ತಿಳಿದದ್ದು ಆವತ್ತೇ. ಮರುದಿನ ತರಗತಿಯಲ್ಲಿ ಅವರೇ ಇದನ್ನು ಉದಾಹರಣೆಯಾಗಿ ಹೇಳಿದರು.

ಹುಲಿಗವ್ವ ಕುಳಿತುಕೊಳ್ಳಲಿಲ್ಲ. “ನಂದೊಂದು ಪ್ರಶ್ನಿ ಐತ್ರಿ. ಅಧ್ಯಕ್ಷರಿಗೆ. ನಮ್ಮ ಓಣಿಗೆ ನೀರು ಯಾಕ ಬರವಲ್ದು?”

ಹಂಪಣ್ಣ ಮೈಕು ಹತ್ತಿರ ಎಳೆದುಕೊಂಡ. “ನೋಡವ್ವ, ಮ್ಯಾಲಿಂದ ಅನುದಾನ…”

“ನಾ ಕೇಳಿದ್ದು ಅಧ್ಯಕ್ಷರನ್ನ. ಇನ್ನೊಬ್ಬರ ಉತ್ತರ ನೀವು ಹೇಳಬಾರ್ದು. ನೀವು ಕುಂದರ್ರಿ.”

ಸಭೆಯಲ್ಲಿ ಯಾರೋ ಒಬ್ಬ ಮುದುಕ ಕಿಸಕ್ಕನೆ ನಕ್ಕ. ಹಂಪಣ್ಣ ಎದ್ದು ನಿಂತಿರಲಿಲ್ಲ, ಆದರೂ ಇನ್ನಷ್ಟು ಕುಳಿತವನಂತೆ ಕಂಡ. ಶೇಖರಮ್ಮ ತಲೆ ಎತ್ತಲಿಲ್ಲ. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಆ ಮೌನ ಬೆಳೆಯುತ್ತ ಹೋಯಿತು. ನನ್ನ ಪಕ್ಕದಲ್ಲಿದ್ದ ವಿಜಯಲಕ್ಷ್ಮಿಯ ತುಟಿ ಅಲುಗತೊಡಗಿತು. ಉತ್ತರ ಅವಳಿಗೆ ಗೊತ್ತಿತ್ತು. ಪಂಚಾಯಿತಿಯ ಕರ್ತವ್ಯಗಳು, ಕುಡಿಯುವ ನೀರು, ಎಲ್ಲ ಬಾಯಿಪಾಠ. ಅತ್ತೆ ಒಂದು ಪ್ರಶ್ನೆ ಕೇಳಿದ್ದಾಳೆ, ಉತ್ತರ ಬಂದಿಲ್ಲ, ಎಂಟು ವರ್ಷದ ರೂಢಿ ಅವಳನ್ನು ಎಬ್ಬಿಸುತ್ತಿತ್ತು. ನನ್ನ ಅಂಗೈಯನ್ನು ಉಗುರು ನಾಟುವಂತೆ ಹಿಡಿದು, ಹಲ್ಲು ಕಚ್ಚಿ ಕುಳಿತಳು. ಆಮೇಲೆ ಹೇಳಿದಳು, ಹತ್ತೊಂಬತ್ತರವರೆಗೆ ಎಣಿಸಿದಳಂತೆ.

ಹತ್ತೊಂಬತ್ತಕ್ಕೆ ಶೇಖರಮ್ಮ ಎದ್ದಳು. ಮೈಕು ತೆಗೆದುಕೊಳ್ಳಲಿಲ್ಲ, ಹಾಗಾಗಿ ಎಲ್ಲರೂ ಉಸಿರು ಬಿಗಿಹಿಡಿದು ಕೇಳಬೇಕಾಯಿತು.

“ನಮ್ಮ ಕಡಿ ಬೋರಿನ ಮೋಟಾರು ಸುಟ್ಟೈತಿ” ಎಂದಳು. “ಎರಡು ತಿಂಗಳಾತು. ಕೊಪ್ಪಳದಾಗ ರಿಪೇರಿ ಅಂಗಡ್ಯಾಗ ಬಿದ್ದೈತಿ. ತರಬೇಕು ಅಂತ ನಾ ದಿನಾ ಹೇಳ್ತೀನಿ. ನಮ್ಮ ಮನ್ಯಾಗೂ ನೀರಿಲ್ಲ. ನಾನೂ ಕೊಡ ಹೊತ್ತು ತರ್ತೀನಿ. ಅಧ್ಯಕ್ಷರು ಕೊಡ ಹೊತ್ರ ಛಲೋ ಕಾಣೂದಿಲ್ಲ ಅಂತ ಕತ್ತಲಿದ್ದಾಗ ಹೋಗಿ ತರ್ತೀನಿ.”

ಹಂಪಣ್ಣ ಹೆಂಡತಿಯನ್ನು ನೋಡಿದ ರೀತಿ ನೋಡಬೇಕಿತ್ತು. ಅವಳು ಮಾತಾಡುತ್ತಾಳೆ ಎಂಬುದೇ ಅವನಿಗೆ ಸುದ್ದಿಯಾದಂತಿತ್ತು.

“ಭೇಷ್!” ಎಂದಳು ಹುಲಿಗವ್ವ. “ಭಾಳ ಛಲೋ ಹೇಳಿದಿ ತಂಗಿ.” ಶಿವಲಿಂಗಮ್ಮ ಚಪ್ಪಾಳೆ ಹೊಡೆದಳು, ಆಮೇಲೆ ಶಾಮಿಯಾನದ ತುಂಬ ಚಪ್ಪಾಳೆ. ವಾಹೀದ ಹಿಂದಿನಿಂದ ಸಿಳ್ಳೆ ಹಾಕಿ ಸರ್ ಕಣ್ಣಿಗೆ ಬಿದ್ದ.

ಮೋಟಾರು ಎಂಟು ದಿನದಲ್ಲಿ ಬಂತು. ನೀರು ದಿನಾ ಬರಲಿಲ್ಲ, ಮೂರು ದಿನಕ್ಕೊಮ್ಮೆ ಬಂತು. ಮೇಲಿನ ಓಣಿಗೆ ಈಗಲೂ ಸ್ವಲ್ಪ ಹೆಚ್ಚು ಹೊತ್ತು ಬಿಡುತ್ತಾರೆ ಎಂದು ಹುಲಿಗವ್ವ ವಾದಿಸುತ್ತಾಳೆ. ಹುಲಿಗೇಶ ನಳದ ಚಾವಿ ಹಿಡಿದು ಅವಳ ಮನೆಯ ಮುಂದೆ ಹೋಗುವಾಗ ಹೆಜ್ಜೆ ಜೋರು ಮಾಡುತ್ತಾನೆ. ದಫ್ತರದ ಸಹಿಗಳ ಸುದ್ದಿಯನ್ನು ತಾಲೂಕಿನವರು ಬಂದು ವಿಚಾರಿಸಿದರು, ಗುಮಾಸ್ತನಿಗೆ ಬೇರೆ ಊರಿಗೆ ವರ್ಗವಾಯಿತು. ಮುಂದಿನ ಸಭೆಗೆ ಶೇಖರಮ್ಮ ಒಬ್ಬಳೇ ವೇದಿಕೆಯಲ್ಲಿ ಕುಳಿತಳು. ಹಂಪಣ್ಣ ಮಂದಿಯ ಜೊತೆ ಕೆಳಗೆ ಕುಳಿತು ನಡುನಡುವೆ ಎದ್ದು ಉತ್ತರ ಹೇಳಹೋಗಿ ಬೈಸಿಕೊಂಡ.

ದುರಗೇಶನ ಸುಳ್ಳೂ ಆ ಗದ್ದಲದಲ್ಲೇ ಬಯಲಾಯಿತು. ಸಭೆಯ ದಿನ ಸಿದ್ದಲಿಂಗೇಶ ಸರ್ ಹುಲಿಗವ್ವನ ಮನೆಯಲ್ಲಿ ಚಹಾ ಕುಡಿಯುತ್ತ, “ಎರಡು ವರ್ಷದ ಕೋರ್ಸ್ ಅಲ್ಲೇನ್ರಿ, ಇನ್ನೊಂದು ವರ್ಷ ಬಾಕಿ ಐತಿ” ಎಂದುಬಿಟ್ಟರು. ದುರಗೇಶ ಗಾಡಿಯ ಟೈರು ನೋಡುವ ನೆವದಲ್ಲಿ ಹೊರಗೆ ಹೋದ. ಹುಲಿಗವ್ವ ಮಗನ ಹಿಂದೆ ಹೋಗಿ, “ಇನ್ನೊಂದೇ ವರ್ಷ ಏನಲೇ? ಜಾಸ್ತಿ ಇಲ್ಲೇನು?” ಎಂದು ಕೇಳಿದಳು. ಅವಳಿಗೆ ಪಾಠ ಬೇಗ ಮುಗಿಯುತ್ತದೆ ಎಂಬ ಚಿಂತೆ ಹತ್ತಿತ್ತು.

ವಿಜಯಲಕ್ಷ್ಮಿ ಮೊದಲ ದರ್ಜೆಯಲ್ಲಿ ಪಾಸಾದಳು. ಕಾಲೇಜಿಗೆ ಮೊದಲಿಗಳಲ್ಲ. ಅದು ವಾಹೀದನ ಪಾಲಾಯಿತು, ಅವನ ಚಾರ್ಟುಗಳ ಮುಂದೆ ನಮ್ಮದು ಯಾರದೂ ನಿಲ್ಲುತ್ತಿರಲಿಲ್ಲ. ಟಿ.ಇ.ಟಿ. ಪರೀಕ್ಷೆ ಒಂದು ಸಲ ನಾಲ್ಕು ಅಂಕದಲ್ಲಿ ಹೋಯಿತು, ಎರಡನೆಯ ಸಲ ಆಯಿತು. ನೇಮಕಾತಿಗೆ ಇನ್ನೂ ಕಾಯುತ್ತಿದ್ದಾಳೆ, ನಾವೆಲ್ಲ ಕಾಯುತ್ತಿದ್ದೇವೆ. ಈ ಜೂನ್‌ನಿಂದ ಗಂಗಾವತಿ ತಾಲೂಕಿನ ಶ್ರೀರಾಮನಗರದ ಕಡೆಯ ಒಂದು ಸಾಲೆಯಲ್ಲಿ ಅತಿಥಿ ಶಿಕ್ಷಕಿ, ಕನ್ನಡ ಮತ್ತು ಸಮಾಜ ವಿಜ್ಞಾನ. ಕಾಲುವೆ ನೀರಿನ ಬತ್ತದ ನಾಡು ಅದು, ಅರ್ಧ ತರಗತಿಯ ಮಕ್ಕಳು ಮನೆಯಲ್ಲಿ ತೆಲುಗು ಮಾತಾಡುತ್ತಾರೆ.

ಮೊದಲ ದಿನದ ಸಂಗತಿಯನ್ನು ಅವಳು ಫೋನಿನಲ್ಲಿ ನಗುತ್ತ ಹೇಳಿದಳು. ಬಾಗಿಲಲ್ಲಿ ಹೊಸ ಅಕ್ಕೋರನ್ನು ಕಂಡು ಮಕ್ಕಳೆಲ್ಲ ಹೆಗಲಿನ ಚೀಲ ಸಮೇತ ಎದ್ದು ನಿಂತುಬಿಟ್ಟಿದ್ದರು. “ಚೀಲ ಕೆಳಗ ಇಡ್ರಿ” ಎಂದರೆ ಮುಂದಿನ ಸಾಲಿನವರು ಮಿಕಮಿಕ ನೋಡಿದರು. ಅವಳಿಗೆ ಬರುತ್ತಿದ್ದ ತೆಲುಗೆಲ್ಲ ದುರಗೇಶ ಮಿಲ್ಲಿನಿಂದ ಹೊತ್ತು ತಂದದ್ದು, ಹಮಾಲರಿಗೆ ಹೇಳುವ ಮೂರು ಮಾತು. ಅದರಲ್ಲೊಂದನ್ನು ಧೈರ್ಯ ಮಾಡಿ ಆಡಿದಳು: “ಬಸ್ತಾಲು ದಿಂಚಂಡಿ!” ಅಂದರೆ ಮೂಟೆ ಇಳಿಸಿರಿ. ನಲವತ್ತು ಮಕ್ಕಳು ಹೋ ಎಂದು ನಕ್ಕು, ನಲವತ್ತು ಚೀಲಗಳನ್ನು ದೊಪ್ಪನೆ ನೆಲಕ್ಕೆ ಇಳಿಸಿದರು. ಅವಳು ಹಾಜರಿ ಪುಸ್ತಕ ತೆರೆದಳು.